ಬಿಸಿ ಹೊತ್ತ ಬಟ್ಟೆ

ಚೆನ್ನೈನ ಪುರಸೈವಾಕ್ಕಂ ಎಂದರೆ ಜವಳಿ ಅಂಗಡಿಗಳ ಬೀದಿ. ಹಬ್ಬದ ಮುಂಚಿನ ವಾರಗಳಲ್ಲಿ ಅಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ಈ ಬೀದಿಯಿಂದ ಎರಡು-ಮೂರು ಕಿಲೋಮೀಟರು ಸುತ್ತಳತೆಯಲ್ಲಿ ಇಪ್ಪತ್ತನೆಯ ಶತಮಾನದ ಆರಂಭಕ್ಕೇ ಮೂರು ಸಂಗತಿಗಳು ನೆಲೆಗೊಂಡಿದ್ದವು. ಉತ್ತರಕ್ಕೆ ಪೆರಂಬೂರಿನ ಕಡೆ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಬಟ್ಟೆ ಗಿರಣಿಗಳು. ಪೂರ್ವಕ್ಕೆ ಬೇಸಿನ್ ಬ್ರಿಡ್ಜ್‌ನಲ್ಲಿ ನಗರಕ್ಕೆ ಕರೆಂಟು ಕೊಡುತ್ತಿದ್ದ ವಿದ್ಯುತ್ ಕೇಂದ್ರ. ದಕ್ಷಿಣಕ್ಕೆ ಎಗ್ಮೋರಿನಲ್ಲಿ, 1844ರಲ್ಲಿ ಶುರುವಾಗಿ ಮುಂದೆ ಅಲ್ಲಿಗೆ ಬಂದ ಹೆರಿಗೆ ಆಸ್ಪತ್ರೆ. ಬಟ್ಟೆ, ಕರೆಂಟು, ಚಿಕಿತ್ಸೆ ಹೀಗೆ ಅಕ್ಕಪಕ್ಕದಲ್ಲೇ ಇದ್ದವು. ಆದರೆ ಈ ಮೂರೂ ಸೇರಿ ಒಂದು ವಸ್ತುವಾಗಲು ಜಗತ್ತಿಗೆ ಬಹಳ ಕಾಲ ಹಿಡಿಯಿತು. ಆ ಕಥೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ಬೆಂಗಳೂರಿನಲ್ಲಿ.

ಬಟ್ಟೆ ತಾನಾಗಿ ಬಿಸಿಯನ್ನು ಹುಟ್ಟಿಸುವುದಿಲ್ಲ. ಮೈಯ ಬಿಸಿ ಹೊರಗೆ ಹೋಗದಂತೆ ತಡೆಯುವುದಷ್ಟೇ ಅದರ ಕೆಲಸ. ಮದ್ರಾಸಿನ ಗಿರಣಿಗಳನ್ನು ನಡೆಸುತ್ತಿದ್ದ ಬಿನ್ನಿ ಕಂಪನಿಯ ಕೈಯಲ್ಲೇ ಬೆಂಗಳೂರಿನ ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿಯೂ ಇತ್ತು. ಮದ್ರಾಸಿನ ಬಿನ್ನಿಗೆ ಹೆಸರು ತಂದದ್ದು ಖಾಕಿ, ಬೆಂಗಳೂರಿನ ಬಿನ್ನಿಗೆ ಕಂಬಳಿ. ಕಂಬಳಿ ಹೊದ್ದ ಆರೋಗ್ಯವಂತ ತನ್ನ ಬಿಸಿಯಲ್ಲೇ ಬೆಚ್ಚಗಾಗುತ್ತಾನೆ. ಆದರೆ ಅವಧಿಗೆ ಮುನ್ನ ಹುಟ್ಟಿದ ಒಂದೂವರೆ ಕಿಲೋ ತೂಕದ ಮಗುವಿಗೆ ಕಂಬಳಿ ಸಾಲದು. ಅದರ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ದೊಡ್ಡದು, ಚರ್ಮದಡಿಯ ಕೊಬ್ಬು ತೀರ ಕಡಿಮೆ, ನಡುಗಿ ಬಿಸಿ ಹುಟ್ಟಿಸುವ ಶಕ್ತಿಯೂ ಇಲ್ಲ. ನವಜಾತ ಶಿಶುವಿನ ಮೈಬಿಸಿ 36.5 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿಯಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಳಿದರೆ ಉಸಿರಾಟ, ರಕ್ತದ ಸಕ್ಕರೆ, ಸೋಂಕು ತಡೆಯುವ ಬಲ ಒಂದೊಂದಾಗಿ ಕುಸಿಯತೊಡಗುತ್ತವೆ. ಸೆಕೆಗೆ ಹೆಸರಾದ ಚೆನ್ನೈಯಲ್ಲೂ ಒದ್ದೆ ಮೈಯ ಕೂಸು ಫ್ಯಾನಿನಡಿ ತಣ್ಣಗಾಗಿಬಿಡಬಲ್ಲದು.

ಹೊರಗಿನಿಂದ ಬಿಸಿ ಕೊಡುವ ಪ್ರಯತ್ನ ಪೆಟ್ಟಿಗೆಯಿಂದ ಶುರುವಾಯಿತು. 1880ರ ಸುಮಾರಿಗೆ ಪ್ಯಾರಿಸ್ಸಿನ ವೈದ್ಯ ಸ್ಟೆಫಾನ್ ಟಾರ್ನಿಯೆ ಕೋಳಿಮೊಟ್ಟೆ ಮರಿ ಮಾಡುವ ಪೆಟ್ಟಿಗೆಯ ಮಾದರಿಯಲ್ಲಿ ಶಿಶುಗಳಿಗೆ ಒಂದು ಪೆಟ್ಟಿಗೆ ಮಾಡಿಸಿದ. ಅದಕ್ಕೆ ಬಿಸಿ ಕೊಡುತ್ತಿದ್ದದ್ದು ಬಿಸಿನೀರು. ಕರೆಂಟಿನಿಂದ ಬಿಸಿ ಪಡೆಯಲು ಬೇಕಾದ ತಂತಿ ಸಿಕ್ಕಿದ್ದು ಆಮೇಲೆ. 1906ರಲ್ಲಿ ಅಮೆರಿಕದ ಆಲ್ಬರ್ಟ್ ಮಾರ್ಷ್‌ಗೆ ನಿಕಲ್ ಮತ್ತು ಕ್ರೋಮಿಯಂ ಬೆರೆಸಿದ ಲೋಹಕ್ಕೆ ಪೇಟೆಂಟ್ ದೊರೆಯಿತು. ಕೆಂಪಗೆ ಕಾದರೂ ಈ ನಿಕ್ರೋಮ್ ಬೇಗ ಸುಟ್ಟುಹೋಗುವುದಿಲ್ಲ. ಇಸ್ತ್ರಿಪೆಟ್ಟಿಗೆ, ಟೋಸ್ಟರುಗಳ ಜೊತೆಗೆ ಹೊದಿಕೆಯೊಳಗೂ ಬಿಸಿ ತಂತಿ ಹೊಕ್ಕಿತು. ತಂಪು ಗಾಳಿಗೆ ಮೈಯೊಡ್ಡಿ ಮಲಗಬೇಕಾಗಿದ್ದ ಕ್ಷಯರೋಗಿಗಳಿಗೆ ಸ್ಯಾನಿಟೋರಿಯಂಗಳಲ್ಲಿ ವಿದ್ಯುತ್ ಹೊದಿಕೆ ಬಂತು. ಮೊದಲ ಮಹಾಯುದ್ಧದ ವಿಮಾನ ಚಾಲಕರಿಗೆ ತಂತಿ ಹೊಲಿದ ಉಡುಪು ಬಂತು. 1936ರ ಹೊತ್ತಿಗೆ ಬಿಸಿ ಹೆಚ್ಚಾದರೆ ತಾನೇ ಆರಿಹೋಗುವ ಹೊದಿಕೆಯೂ ಮಾರುಕಟ್ಟೆಗೆ ಬಂತು.

ಬಿಸಿ ಹುಟ್ಟಿಸುವುದು ಹೀಗೆ ಸಾಧ್ಯವಾಯಿತು. ಕಷ್ಟವಿದ್ದದ್ದು ಅದನ್ನು ಎಲ್ಲೆಡೆ ಒಂದೇ ಸಮನಾಗಿ ಹರಡುವುದರಲ್ಲಿ, ಸುಡುವ ಮೊದಲೇ ನಿಲ್ಲಿಸುವುದರಲ್ಲಿ. ಮಡಚಿದಲ್ಲಿ ತಂತಿ ಸವೆಯುತ್ತದೆ, ಒಂದೆಡೆ ಒತ್ತಾದರೆ ಅಲ್ಲಿ ಬಿಸಿ ಮಡುಗಟ್ಟುತ್ತದೆ. ಆರೋಗ್ಯವಂತನಾದರೆ ಸುಟ್ಟಿತೆಂದು ಕೈ ಎಳೆದುಕೊಳ್ಳುತ್ತಾನೆ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಳೆದುಕೊಂಡ ಪಾದಕ್ಕೆ, ಅರಿವಳಿಕೆಯಲ್ಲಿರುವ ರೋಗಿಗೆ, ಕೂಸಿಗೆ ಅದು ಸಾಧ್ಯವಿಲ್ಲ. ಬಿಸಿಯ ಅಗತ್ಯ ಯಾರಿಗೆ ಹೆಚ್ಚೋ ಅವರೇ ಸುಟ್ಟುಕೊಳ್ಳುವ ಅಪಾಯವೂ ಹೆಚ್ಚು.

ಹೆಣಿಗೆ ಈ ಕಥೆಯೊಳಗೆ ಬರುವುದು ಇಲ್ಲಿ. ನೇಯ್ಗೆಯಲ್ಲಿ ಹಾಸು-ಹೊಕ್ಕಿನ ನೂಲುಗಳು ನೇರವಾಗಿ ಓಡುತ್ತವೆ. ಹೆಣಿಗೆಯಲ್ಲಿ ನೂಲು ಕುಣಿಕೆ ಕುಣಿಕೆಯಾಗಿ ಒಂದರೊಳಗೊಂದು ಸಿಕ್ಕಿಕೊಳ್ಳುತ್ತದೆ. ಬನಿಯನ್, ಕಾಲುಚೀಲಗಳು ಹಿಗ್ಗಿ ಮೈಗೆ ಅಂಟುವುದು ಈ ಕುಣಿಕೆಗಳಿಂದ. ಬೆಳ್ಳಿಯ ಲೇಪವಿರುವ ನೈಲಾನ್ ನೂಲನ್ನು ಇಂಥ ಹೆಣಿಗೆಗೆ ಸೇರಿಸಿದರೆ ಬಟ್ಟೆಯೇ ತಂತಿಯಾಗುತ್ತದೆ. ಒಂದೇ ಗೆರೆಯಲ್ಲಿ ಕಾಯುವ ಬದಲು ಸಾವಿರಾರು ಕುಣಿಕೆಗಳಲ್ಲಿ ಹಂಚಿ ಕಾಯುತ್ತದೆ, ಸಣ್ಣ ಬ್ಯಾಟರಿಯ ಕರೆಂಟೇ ಸಾಕಾಗುತ್ತದೆ. ಇಂಗ್ಲೆಂಡಿನಲ್ಲಿ ಮೊದಲು ಮ್ಯಾಂಚೆಸ್ಟರ್, ಬಳಿಕ ನಾಟಿಂಗ್‌ಹ್ಯಾಮ್‌ನಲ್ಲಿ ಪ್ರೊಫೆಸರ್ ತಿಲಕ್ ಡಯಾಸ್ ಇಂಥ ಹೆಣಿಗೆಯ ಸಂಶೋಧನೆಯನ್ನು ಮುಂದಕ್ಕೊಯ್ದರು. ಚಳಿಗೆ ಬೆರಳುಗಳ ರಕ್ತಸಂಚಾರವೇ ಕಡಿಮೆಯಾಗುವ ರೇನೋ ಕಾಯಿಲೆಯವರಿಗೆ ಬಿಸಿಯಾಗುವ ಕೈಗವಸು ಇದರ ನೇರ ಪ್ರಯೋಜನ. ಆದರೆ ಇದಕ್ಕೂ ಮಿತಿಗಳಿವೆ. ಬಟ್ಟೆ ಹಿಗ್ಗಿದಾಗ ಕುಣಿಕೆಗಳು ಪರಸ್ಪರ ತಾಗುವ ಬಗೆ ಬದಲಾಗಿ ಕರೆಂಟಿಗೆ ಒಡ್ಡುವ ತಡೆಯೂ ಬದಲಾಗುತ್ತದೆ. ಒಗೆದಂತೆಲ್ಲ ಬೆಳ್ಳಿ ಸವೆಯುತ್ತದೆ. ಆಸ್ಪತ್ರೆಯ ಬಟ್ಟೆಯನ್ನಂತೂ ಮತ್ತೆ ಮತ್ತೆ ಒಗೆಯಲೇಬೇಕು.

ಇನ್ನೂ ದೊಡ್ಡ ಪ್ರಶ್ನೆಯೊಂದಿತ್ತು. ಕರೆಂಟೇ ಹೋದರೆ? 2007ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತರಗತಿಯೊಂದರಲ್ಲಿ ಜೇನ್ ಚೆನ್, ರಾಹುಲ್ ಪಣಿಕ್ಕರ್, ನಾಗಾನಂದ ಮೂರ್ತಿ ಮತ್ತು ಲೈನಸ್ ಲಿಯಾಂಗ್ ಎದುರಿಸಿದ್ದು ಇದೇ ಪ್ರಶ್ನೆಯನ್ನು. ಅವರು ಬಟ್ಟೆಯನ್ನೂ ಕರೆಂಟನ್ನೂ ಬೇರ್ಪಡಿಸಿದರು. 'ಎಂಬ್ರೇಸ್' ಎಂಬ ಅವರ ಸಾಧನ ಪುಟ್ಟ ಮಲಗುಚೀಲದಂತಿದೆ. ಅದರೊಳಗೆ ಮೇಣದಂಥ ವಸ್ತು ತುಂಬಿದ ಪೊಟ್ಟಣ ಸೇರಿಸಬೇಕು. ಕರೆಂಟು ಇರುವಾಗ ಪೊಟ್ಟಣವನ್ನು ಪ್ರತ್ಯೇಕ ಹೀಟರಿನಲ್ಲಿಟ್ಟು ಕರಗಿಸಬೇಕು. ಆಮೇಲೆ ಆ ವಸ್ತು ಗಟ್ಟಿಯಾಗುತ್ತಾ ತನ್ನೊಳಗಿನ ಬಿಸಿಯನ್ನು ಬಿಟ್ಟುಕೊಡುತ್ತದೆ. ಮಂಜುಗಡ್ಡೆ ಕರಗಿ ಮುಗಿಯುವವರೆಗೂ ಲೋಟದ ನೀರು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಉಳಿಯುವಂತೆ, ಇದು ಪೂರ್ತಿ ಗಟ್ಟಿಯಾಗುವವರೆಗೂ ಸುಮಾರು 37 ಡಿಗ್ರಿಯಲ್ಲೇ ನಿಲ್ಲುತ್ತದೆ. ನಾಲ್ಕು ಗಂಟೆಗೂ ಹೆಚ್ಚು ಕಾಲ, ತಂತಿಯಿಲ್ಲದೆ, ಸುಡುವ ಭಯವಿಲ್ಲದೆ. ತಂಡ ಬೆಂಗಳೂರಿಗೆ ಬಂದು ನೆಲೆಸಿ ಸಾಧನವನ್ನು ತಿದ್ದಿತು, 2011ರಲ್ಲಿ ಭಾರತದಲ್ಲಿ ಬಳಕೆಗೆ ತಂದಿತು. ಬಿನ್ನಿಯ ಕಂಬಳಿ ನೇಯ್ದ ಊರಿನಿಂದಲೇ ಬೇರೊಂದು ಬಗೆಯ ಹೊದಿಕೆ ಹೊರಟಿತು.

ಈ ಎಲ್ಲ ಜಾಣ್ಮೆಗೂ ಒಂದು ಹಳೆಯ ಅಳತೆಗೋಲಿದೆ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ವೈದ್ಯ ಎಡ್ಗರ್ ರೇ, ಪೆಟ್ಟಿಗೆಗಳು ಸಾಲದೆ, ಕೂಸುಗಳನ್ನು ತಾಯಿಯ ಬರಿ ಎದೆಗೆ ಬಟ್ಟೆಯಿಂದ ಕಟ್ಟಿಸಿದರು. ಇದೇ ಕಾಂಗರೂ ಆರೈಕೆ. ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನದ ಫಲಿತಾಂಶ 2021ರಲ್ಲಿ ಹೊರಬಂತು. ಕಡಿಮೆ ತೂಕದ ಮಗುವಿನ ಸ್ಥಿತಿ ಸುಧಾರಿಸಲೆಂದು ಕಾಯದೆ ಹುಟ್ಟಿದ ಕೂಡಲೇ ಹೀಗೆ ಕಟ್ಟಿಕೊಂಡರೆ, ಮೊದಲ 28 ದಿನಗಳ ಸಾವು ಸುಮಾರು ಕಾಲುಭಾಗ ಕಡಿಮೆಯಾಗುತ್ತದೆ ಎಂದು ಅದು ತೋರಿಸಿತು.

ಹಾಗೆಂದು ಬಿಸಿ ಬಟ್ಟೆಗಳು ವ್ಯರ್ಥವಲ್ಲ. ತಾಯಿ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿರಬಹುದು, ಮಗು ಆಂಬುಲೆನ್ಸಿನಲ್ಲಿ ಇನ್ನೊಂದು ಊರಿನ ಆಸ್ಪತ್ರೆಗೆ ಹೊರಟಿರಬಹುದು. ಆ ಗಂಟೆಗಳಿಗೆ ಯಾರಾದರೂ, ಏನಾದರೂ ಬೆಚ್ಚಗಿಡಬೇಕು. ಪುರಸೈವಾಕ್ಕಂನ ನೆರೆಯ ಗಿರಣಿ 1996ರಲ್ಲಿ ಮುಚ್ಚಿತು. ಎಗ್ಮೋರಿನ ಹೆರಿಗೆ ಆಸ್ಪತ್ರೆಯಲ್ಲಿ ಇಂದಿಗೂ ಕೂಸುಗಳು ಹುಟ್ಟುತ್ತಿವೆ, ಕೆಲವು ಅವಧಿಗೆ ಮುನ್ನವೇ. ತಾಯಿಯ ಎದೆ ಸಿಗುವವರೆಗೆ ಅವುಗಳನ್ನು ಸುಡದೆ ಕಾಯಬೇಕಾದದ್ದು ಬಟ್ಟೆ.