ಬೆನ್ನಿನ ಸೂಜಿ, ಬಾಣಂತಿಯ ತಲೆನೋವು

ಸಿಸೇರಿಯನ್ ಆದ ಒಂದೆರಡು ದಿನಕ್ಕೆ ಕೆಲವು ಬಾಣಂತಿಯರಿಗೆ ವಿಚಿತ್ರವಾದ ತಲೆನೋವು ಶುರುವಾಗುತ್ತದೆ. ಮಗುವಿಗೆ ಹಾಲೂಡಿಸಲು ಎದ್ದು ಕುಳಿತರೆ ತಲೆ ಸಿಡಿಯುತ್ತದೆ, ಮಲಗಿದರೆ ಇಳಿಯುತ್ತದೆ. ‘ಬೆನ್ನಿಗೆ ಕೊಟ್ಟ ಇಂಜೆಕ್ಷನ್‌ನಿಂದ ಬಂದದ್ದು’ ಎನ್ನುತ್ತಾರೆ ಮನೆಯ ಹಿರಿಯರು. ಈ ವಿಷಯದಲ್ಲಿ ಅವರ ಮಾತು ನಿಜ.

ಆದರೆ ಈ ನೋವನ್ನು ಸ್ವತಃ ಉಂಡು ಬರೆದಿಟ್ಟವರು ಒಬ್ಬ ಗಂಡಸು. 1898ರ ಆಗಸ್ಟ್‌ನಲ್ಲಿ ಜರ್ಮನಿಯ ಕೀಲ್ ನಗರದ ಶಸ್ತ್ರವೈದ್ಯ ಆಗುಸ್ಟ್ ಬೀರ್, ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಕೊಕೇನ್ ಸೇರಿಸಿ ರೋಗಿಗಳ ಕಾಲುಗಳನ್ನು ಮರಗಟ್ಟಿಸಿದರು. ಶಸ್ತ್ರಚಿಕಿತ್ಸೆ ಸುಸೂತ್ರವಾಯಿತು, ಆದರೆ ಹಲವರಿಗೆ ತಲೆನೋವು, ವಾಂತಿ. ಕಾರಣ ತಿಳಿಯಲು ಬೀರ್ ತಮ್ಮ ಸಹಾಯಕ ಹಿಲ್ಡೆಬ್ರಾಂಟ್ ಅವರಿಂದ ತಮ್ಮ ಬೆನ್ನಿಗೇ ಚುಚ್ಚಿಸಿಕೊಂಡರು. ಸಿರಿಂಜು ಸೂಜಿಗೆ ಹೊಂದಲಿಲ್ಲ, ದ್ರವ ಬಹಳಷ್ಟು ಸೋರಿಹೋಯಿತು. ಆಮೇಲೆ ಹಿಲ್ಡೆಬ್ರಾಂಟ್ ಸರದಿ. ಔಷಧ ಏರಿದ ಬಳಿಕ ಅವರ ಕಾಲಿಗೆ ಸುತ್ತಿಗೆಯಿಂದ ಹೊಡೆದರೂ, ಉರಿಯುವ ಸಿಗಾರ್ ಒತ್ತಿದರೂ ನೋವಿಲ್ಲ! ಇಬ್ಬರೂ ವೈನ್ ಕುಡಿದು ಸಂಭ್ರಮಿಸಿದರು. ಬಳಿಕ ಬೀರ್ ಒಂಬತ್ತು ದಿನ ಹಾಸಿಗೆ ಹಿಡಿದರು.

ದ್ರವ ಸೋರಿದ್ದೇ ಕಾರಣವಿರಬೇಕೆಂದು ಅವರು 1899ರಲ್ಲಿ ಬರೆದರು. ಊಹೆ ಸರಿಯಾಗಿತ್ತು. ಮಿದುಳು ಈ ದ್ರವದಲ್ಲಿ ತೇಲುತ್ತಿರುತ್ತದೆ. ‘ಡ್ಯೂರಾ’ ಎಂಬ ಪೊರೆಯಲ್ಲಿ ತೂತಾಗಿ ದ್ರವ ಕಡಿಮೆಯಾದರೆ, ಎದ್ದು ಕುಳಿತಾಗ ಮಿದುಳು ತುಸು ಕೆಳಗೆ ಜಗ್ಗುತ್ತದೆ.

ಕಾರಣ ಗೊತ್ತಾದರೂ ಪರಿಹಾರ ನಿಧಾನವಾಗಿಯೇ ಬಂತು. 1956ರಲ್ಲಿ ಅಮೆರಿಕದ ವ್ಯಾಂಡಮ್ ಮತ್ತು ಡ್ರಿಪ್ಸ್ 10,098 ಅರಿವಳಿಕೆಗಳ ಲೆಕ್ಕ ಪ್ರಕಟಿಸಿದಾಗ ಶೇ. 11ರಷ್ಟು ಪ್ರಕರಣಗಳಲ್ಲಿ ತಲೆನೋವು ಕಂಡಿತ್ತು. ಸಹಜ ಹೆರಿಗೆಯಲ್ಲಿ ಇದು ಶೇ. 22. ಗುಟ್ಟು ಇದ್ದದ್ದು ಸೂಜಿಯ ತುದಿಯಲ್ಲಿ. ಹರಿತ ಅಂಚಿನ ಸೂಜಿ ಪೊರೆಯನ್ನು ಕತ್ತರಿಸುತ್ತದೆ. ಪೆನ್ಸಿಲ್ ಮೊನೆಯಂಥದ್ದು ಎಳೆಗಳನ್ನು ಸರಿಸಿ ಒಳಹೊಗುತ್ತದೆ. ಅಂಥ ಸೂಜಿಯನ್ನು ಹಾರ್ಟ್ ಮತ್ತು ವಿಟೇಕರ್ 1951ರಲ್ಲೇ ತಂದಿದ್ದರು. ಅದು ವ್ಯಾಪಕವಾಗಲು ದಶಕಗಳೇ ಹಿಡಿದವು. ಇಂದು ತೆಳುವಾದ ಪೆನ್ಸಿಲ್ ಮೊನೆಯ ಸೂಜಿ ಬಳಸಿದರೆ ನೂರಕ್ಕೆ ಒಬ್ಬಿಬ್ಬರಿಗೆ ಮಾತ್ರ ಈ ತೊಂದರೆ.

ಎಪಿಡ್ಯೂರಲ್‌ನ ಕಥೆ ಬೇರೆ. ಸ್ಪೇನಿನ ಸೇನಾ ವೈದ್ಯ ಫಿಡೆಲ್ ಪಾಖೆಸ್ 1921ರಲ್ಲಿ ವಿವರಿಸಿದ ಈ ವಿಧಾನದಲ್ಲಿ ಔಷಧ ಪೊರೆಯ ಹೊರಗೇ ಉಳಿಯಬೇಕು. ಸೂಜಿ ಮಾತ್ರ ದಪ್ಪ. ಕೈತಪ್ಪಿ ಪೊರೆ ತೂತಾದರೆ ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ತಲೆನೋವು.

ಚುಚ್ಚುವಾಗ ರಕ್ತ ಬಂದ ರೋಗಿಗಳಿಗೆ ತಲೆನೋವು ಕಡಿಮೆ ಎಂಬುದನ್ನು ಗಮನಿಸಿದವರು ಅಮೆರಿಕದ ಶಸ್ತ್ರವೈದ್ಯ ಗಾರ್ಮ್ಲಿ. 1960ರಲ್ಲಿ ಅವರು ರೋಗಿಯದೇ ರಕ್ತವನ್ನು 2-3 ಮಿಲಿಲೀಟರ್ ತೆಗೆದು ತೂತಿನ ಬಳಿ ತೇಪೆಯಂತೆ ಹಾಕಿದರು. ಇಂದು ಸುಮಾರು 20 ಮಿಲಿಲೀಟರ್ ಬಳಸುತ್ತಾರೆ. ನೋವು ಬರುವ ಮುಂಚೆಯೇ ತೇಪೆ ಹಾಕಿದರೆ? 2004ರ ಒಂದು ಅಧ್ಯಯನದಲ್ಲಿ ತಲೆನೋವು ಬಂದವರ ಸಂಖ್ಯೆ ತಗ್ಗಲಿಲ್ಲ. ನೋವಿನ ಅವಧಿಯಷ್ಟೇ ಕಡಿಮೆಯಾಯಿತು. ಹೀಗಾಗಿ ಎಲ್ಲರಿಗೂ ಮೊದಲೇ ಹಾಕುವ ರೂಢಿಯಿಲ್ಲ.

ಇನ್ನು ತಲೆದಿಂಬಿಲ್ಲದೆ ಅಂಗಾತ ಮಲಗಿಸುವ ಪದ್ಧತಿ. ಅದರಿಂದ ಈ ತಲೆನೋವು ತಪ್ಪುವುದಿಲ್ಲ ಎಂಬುದು ಸ್ಪಷ್ಟವಾಗಿದೆ. ಆದರೂ ಎಷ್ಟೋ ಬಾಣಂತಿಯರಿಗೆ ‘ಏಳಬೇಡಮ್ಮಾ’ ಎಂಬ ಗದರಿಕೆ ತಪ್ಪಿಲ್ಲ. ಹೇಳಬೇಕಾದ ಮಾತು ಇನ್ನೊಂದು: ಮನೆಗೆ ಹೋದ ಮೇಲೆ ತಲೆನೋವು ಬಂದರೂ ವೈದ್ಯರಿಗೆ ತಿಳಿಸಿ. ರಕ್ತದೊತ್ತಡ ಏರಿದಾಗಲೂ ಬಾಣಂತಿಗೆ ತಲೆ ನೋಯುತ್ತದೆ. ಅದಕ್ಕೆ ಚಿಕಿತ್ಸೆಯೇ ಬೇರೆ.