ಹೊಣೆ ನಿಂತವರ ಚರಿತ್ರೆ

ಕಳೆದ ಬೇಸಿಗೆಯಲ್ಲಿ ದೊಡ್ಡಆಲಹಳ್ಳಿಯ ನಮ್ಮ ಮನೆಗೆ ಚಿಕ್ಕಪ್ಪನ ಮಗ ಬಂದು ಕುಂತ. ಹಿಪ್ಪುನೇರಳೆ ಕಡ್ಡಿ ನೆಡಬೇಕು, ಹುಳದ ಮನೆ ಕಟ್ಟಬೇಕು, ಒಂದೂಮುಕ್ಕಾಲು ಲಕ್ಷ ಸಾಲ ಬೇಕು. "ಅಣ್ಣಾ, ನಿಂದು ಮೇಷ್ಟ್ರ ಸಂಬಳ. ಜಾಮೀನಿಗೆ ಒಂದು ರುಜು ಹಾಕ್ಕೊಡು ಸಾಕು. ನಾನೇನು ಊರು ಬಿಟ್ಟು ಓಡೋಯ್ತೀನಾ?" ಅಂದ. ನಾನು ಬಾಯಿ ಬಿಡೋ ಮೊದಲೇ ಒಲೆ ಮುಂದಿದ್ದ ಅವ್ವ ಅಂದಳು: "ನಿಮ್ಮ ತಾತನೂ ಹಿಂಗೇ ಒಂದು ಹೆಬ್ಬೆಟ್ಟು ಒತ್ತಿದ್ದ ಕಣಪ್ಪ."

ತಾತ ಒತ್ತಿದ್ದು ತನ್ನ ಸಾಲಕ್ಕಲ್ಲ, ಭಾವಮೈದುನನ ಮದುವೆ ಸಾಲಕ್ಕೆ. ಕೊಟ್ಟವನು ಪಕ್ಕದೂರಿನ ಒಬ್ಬ ಒಡೆಯ. ಭಾವಮೈದುನ ಕಾಯಿಲೆ ಬಿದ್ದು ಸತ್ತ. ಸಾಲ ಸಾಯಲಿಲ್ಲ. ತಾತನಿಗೆ ಹೊಲವಿರಲಿಲ್ಲ, ದನವಿರಲಿಲ್ಲ. ಇದ್ದದ್ದು ಹತ್ತು ವರ್ಷದ ಹಿರೀಮಗ. ನಮ್ಮಪ್ಪ ಒಡೆಯನ ಕೊಟ್ಟಿಗೆ ಸೇರಿದ. ಎಂಟು ವರ್ಷ ಸಗಣಿ ಬಾಚಿದ. ಯಾರೋ ತಿಂದ ಮದುವೆ ಊಟದ ಸಾಲ ಅದು.

ಇದು ನಮ್ಮ ಮನೆಯೊಂದರ ಕತೆಯಾಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. ಜೀತ ಪದ್ಧತಿಯನ್ನು ರದ್ದು ಮಾಡಿದ 1976ರ ಕಾಯ್ದೆಯನ್ನು ತೆರೆದು ನೋಡಿ. ಅದು ಸಾಲಗಾರನ ಜೀತವನ್ನಷ್ಟೇ ಹೇಳುವುದಿಲ್ಲ. ಸಾಲಗಾರ ತೀರಿಸದೆ ಹೋದರೆ ಅವನ ಪರವಾಗಿ ತಾನು ದುಡಿಯುತ್ತೇನೆಂದು ಹೊಣೆ ನಿಂತವನ ಜೀತವನ್ನೂ ಬಿಡಿಸಿ ಹೇಳುತ್ತದೆ. ದೇಶದ ಕಾನೂನು ಹೀಗೆ ಬರೆದುಕೊಳ್ಳಬೇಕಾಯಿತೆಂದರೆ ನಮ್ಮ ತಾತನಂಥವರು ಎಷ್ಟು ಕೇರಿಗಳಲ್ಲಿದ್ದರು, ಯೋಚಿಸಿ. ಆ ಕಾಯ್ದೆಯಲ್ಲಿ ಜೀತಕ್ಕಿರುವ ಊರೂರಿನ ಹೆಸರುಗಳ ಪಟ್ಟಿಯಿದೆ. ಅದರಲ್ಲಿ 'ಜೀತ' ಇದೆ. 'ಹೊಲ್ಯ' ಎಂಬುದೂ ಇದೆ.

'ಹೊಣೆ' ನಮ್ಮ ಹಳೇ ಮಾತು. 'ಜಾಮೀನು' ಅರಬ್ಬಿ-ಪಾರಸಿಯಿಂದ ಕಚೇರಿಯ ದಾರಿ ಹಿಡಿದು ಬಂದದ್ದು. ಮಾತು ಯಾವುದಾದರೇನು, ಅರ್ಥ ಒಂದೇ: ಅವನ ಕತ್ತಿನ ಹಗ್ಗದ ಇನ್ನೊಂದು ತುದಿ ನಿನ್ನ ಕತ್ತಿಗೆ. 1872ರ ಕರಾರು ಕಾಯ್ದೆ ಇದನ್ನು ಅಚ್ಚುಹಾಕಿತು. ಅದರ 128ನೇ ಕಲಮಿನ ಪ್ರಕಾರ, ಬೇರೆ ಕರಾರಿಲ್ಲದಿದ್ದರೆ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಮೊದಲು ಸಾಲಗಾರನನ್ನು ಹಿಡೀರಿ, ಅವನಿಂದ ಆಗದಿದ್ದರೆ ನನ್ನ ಹತ್ರ ಬನ್ನಿ ಅನ್ನೋ ಹಾಗಿಲ್ಲ. ಬ್ಯಾಂಕ್ ಆಫ್ ಬಿಹಾರ್ ಮತ್ತು ದಾಮೋದರ ಪ್ರಸಾದ್ ನಡುವಿನ ಮೊಕದ್ದಮೆಯಲ್ಲಿ 1968ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಇದನ್ನೇ. "ಬರೀ ಒಂದು ರುಜು" ಅನ್ನುವವರಿಗೆ ಇದು ಗೊತ್ತಿರುವುದಿಲ್ಲ. ಸಾಲ ಕೊಡುವವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಸಾಹುಕಾರನ ಹಿಡಿತ ತಪ್ಪಿಸಲು ಸಹಕಾರ ಸಂಘಗಳು ಬಂದವು. 1904ರ ಕಾಯ್ದೆಯ ಕೆಳಗೆ 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘ ದೇಶಕ್ಕೇ ಮೊದಲನೆಯದು. ಅದೇ ವರ್ಷ ಮೈಸೂರು ಸಂಸ್ಥಾನವೂ ತನ್ನ ಸಹಕಾರ ಕಾಯ್ದೆ ತಂದಿತು. ದೊಡ್ಡ ಕೆಲಸವೇ. ಆದರೆ ಆ ಕಾಲದ ಹಳ್ಳಿ ಸಂಘದ ತಳಪಾಯ ಜರ್ಮನಿಯ ರೈಫೈಸನ್ ಮಾದರಿಯ ಮಿತಿಯಿಲ್ಲದ ಹೊಣೆ. ಒಬ್ಬ ಸದಸ್ಯನ ಸಾಲಕ್ಕೆ ಎಲ್ಲ ಸದಸ್ಯರ ಆಸ್ತಿಯೂ ಜವಾಬು. ಆಸ್ತಿಯಿದ್ದವನು ಆಸ್ತಿಯಿದ್ದವನಿಗೆ ಹೊಣೆ ನಿಲ್ಲುತ್ತಾನೆ. ಹೊಲವೇ ಇಲ್ಲದ ಕೇರಿಯವನ ಹೊಣೆಗೆ ಬೆಲೆ ಕಟ್ಟುವವರು ಯಾರು? ಒಡೆಯ ಮಾತ್ರ ಬೆಲೆ ಕಟ್ಟಿದ. ಯಾಕೆಂದರೆ ಅವನಿಗೆ ಬೇಕಾದದ್ದು ರಟ್ಟೆ. ಸಂಘಗಳು ಬಂದು ಸುಮಾರು ಅರ್ಧ ಶತಮಾನ ಕಳೆದ ಮೇಲೆ, 1951-52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ ಲೆಕ್ಕ ಹಾಕಿತು. ರೈತರ ಸಾಲದಲ್ಲಿ ಸಹಕಾರಿಗಳ ಪಾಲು ಶೇಕಡಾ 3.1. ಲೇವಾದೇವಿಯವರದು ಹತ್ತಿರ ಹತ್ತಿರ 70.

1950ರ ಸಂವಿಧಾನದ 23ನೇ ವಿಧಿ ಬಿಟ್ಟಿದುಡಿಮೆಯನ್ನು ನಿಷೇಧಿಸಿತು. ಜೀತದ ಸಾಲವೇ ರದ್ದಾಗಲು 1975ರ ಅಕ್ಟೋಬರ್ ತನಕ ಕಾಯಬೇಕಾಯಿತು. ಆಗ ಸುಗ್ರೀವಾಜ್ಞೆ ಬಂತು, 1976ರಲ್ಲಿ ಕಾಯ್ದೆಯಾಯಿತು. ಇದು ಜೀತದ ಸಾಲ ಎಂದು ಜೀತದಾಳು ಹೇಳಿದರೆ, ಅಲ್ಲ ಎಂದು ರುಜುವಾತು ಮಾಡುವ ಹೊರೆ ಸಾಲ ಕೊಟ್ಟವನದು ಎಂದಿತು ಕಾಯ್ದೆ. ಹೊಣೆಯ ಭಾರ ಮೊದಲ ಸಲ ಆ ಕಡೆಗೆ ವಾಲಿತು.

ವಾಲಿದ್ದು ನಿಲ್ಲಲಿಲ್ಲ. ಕಿರುಸಾಲದ ಕಂಪನಿಗಳು ಬಂದವು. ಆಸ್ತಿ ಬೇಡ, ಅಡಮಾನ ಬೇಡ, ಗುಂಪು ಕಟ್ಟಿಕೊಳ್ಳಿ ಅಂದವು. ಒಬ್ಬಳು ಕಂತು ಕಟ್ಟದಿದ್ದರೆ ಮಿಕ್ಕವರು ಕಟ್ಟಬೇಕು. ಹಾಗಾಗಿ ವಸೂಲಿಗೆ ಗೂಂಡಾಗಳೇ ಬೇಕಾಗಲಿಲ್ಲ, ಪಕ್ಕದ ಮನೆಯವಳೇ ಬಾಗಿಲಿಗೆ ಬಂದು ನಿಂತಳು. 2009ರಲ್ಲಿ ಕೋಲಾರದಲ್ಲಿ ಶುರುವಾಗಿ ರಾಮನಗರದಂಥ ರೇಷ್ಮೆ ಊರುಗಳಿಗೆ ಹಬ್ಬಿ, ಬಡ ಮುಸ್ಲಿಂ ಹೆಂಗಸರು ಕಂತು ಕಟ್ಟುವುದನ್ನೇ ನಿಲ್ಲಿಸಿದರು. 2025ರ ಫೆಬ್ರವರಿಯಲ್ಲಿ ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. 10 ವರ್ಷದ ತನಕ ಸಜೆ ಎಂದಿತು. ಆದರೆ ಬಡವಳಿಗೆ ಬಡವಳೇ ಹೊಣೆ ಅನ್ನುವ ಏರ್ಪಾಟು ಹಾಗೇ ಉಳಿದಿದೆ.

ಗೆಳೆಯರೆ, ರುಜು ಹಾಕುವುದೋ ಬಿಡುವುದೋ ಅನ್ನುವುದನ್ನು ನಮ್ಮ ಮುಂದೆ ಯಾವಾಗಲೂ ಪ್ರೀತಿಯ ಪರೀಕ್ಷೆ ಮಾಡಿ ಇಡುತ್ತಾರೆ. ಹಾಕಿದರೆ ಒಳ್ಳೇ ಅಣ್ಣ. ಹಾಕದಿದ್ದರೆ ನೌಕರಿ ಸಿಕ್ಕ ಮೇಲೆ ಕೇರಿ ಮರೆತವನು. ಈ ಪರೀಕ್ಷೆಯ ಪತ್ರಿಕೆ ಬರೆದವನು ತಮ್ಮನಲ್ಲ. ಹುಳಕ್ಕೆ ರೋಗ ಬಿದ್ದರೆ, ಗೂಡಿನ ರೇಟು ಕುಸಿದರೆ ಆಗುವ ನಷ್ಟದಲ್ಲಿ ಸಾಲ ಕೊಟ್ಟವನು ಬಿಡಿಗಾಸೂ ಹೊರಬಾರದು ಅನ್ನುವುದಕ್ಕೇ ನಮ್ಮ ರಕ್ತಸಂಬಂಧವನ್ನು ಅಡಮಾನ ಕೇಳುತ್ತಿದ್ದಾರೆ.

ಅವತ್ತು ರಾತ್ರಿ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಬೆಳೆ ಕೈಕೊಟ್ಟರೆ ಕಂತು ನನ್ನ ಸಂಬಳದಿಂದ ಹೋಗುತ್ತದೆ. ಆಗ ನನ್ನ ಮಗಳ ಕಾಲೇಜು ನಿಲ್ಲುತ್ತದೆ. ಒಡೆಯನ ಕೊಟ್ಟಿಗೆ ಈಗಿಲ್ಲ, ಆದರೆ ತಂದೆಯ ರುಜುವಿಗೆ ಮಕ್ಕಳು ತೆರುವುದು ತಪ್ಪಿಲ್ಲ. "ನಿನ್ನ ಮೇಲೆ ಅನುಮಾನ ಅಲ್ಲ ಕಣೋ, ನಾನು ಹಾಕಲ್ಲ" ಅಂದೆ. ತಮ್ಮ ಎದ್ದು ಹೋದ. ಒಂದು ವಾರ ಮಾತಾಡಲಿಲ್ಲ.

ಆಮೇಲೆ ನಾನೇ ಅವನ ಮನೆಗೆ ಹೋದೆ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 2025ರ ಜನವರಿಯಿಂದ ಕೃಷಿಗೂ ಅದರ ಪೂರಕ ಕಸುಬುಗಳಿಗೂ 2 ಲಕ್ಷದ ತನಕ ಅಡಮಾನ ಕೇಳದೆ ಸಾಲ ಕೊಡಬೇಕು. ಆಸ್ತಿಯ ಅಡಮಾನ ಬೇಡವೆಂದ ಮೇಲೆ ಮನುಷ್ಯನ ಅಡಮಾನ ಯಾಕೆ? ಇದನ್ನೇ ಅರ್ಜಿಯಲ್ಲಿ ಬರೆದೆವು. ನಿಯಮ ಹೀಗಿದ್ದರೂ ಜಾಮೀನುದಾರ ಬೇಕೆನ್ನುವುದಾದರೆ ಕಾರಣವನ್ನು ಬರಹದಲ್ಲಿ ಕೊಡಿ ಎಂದು ಕೇಳಿದೆವು. ತಮ್ಮನ ರುಜುವಿನ ಕೆಳಗೆ ಬರೆದುಕೊಟ್ಟವನೆಂದು ನನ್ನ ರುಜು ಹಾಕಿದೆ. ಕೇರಿಯ ಇನ್ನೂ ಆರು ಜನ ಅಂಥದ್ದೇ ಅರ್ಜಿ ಬರೆಸಿಕೊಂಡರು.

ಉತ್ತರ ಇನ್ನೂ ಬಂದಿಲ್ಲ. ಬರುವ ಸೋಮವಾರ ಏಳು ಜನವೂ ಒಟ್ಟಿಗೆ ಹೋಗಿ ಕೇಳುವುದೆಂದು ಮಾತಾಗಿದೆ. ಅವ್ವನೂ ಬರುತ್ತಾಳಂತೆ.