ಹಳೇ ಪಿಸಿಯೊಳಗಿನ ಕನ್ನಡ

1997ರಲ್ಲಿ ಹಾವೇರಿ ಜಿಲ್ಲೆ ಆತು; ಮರುವರ್ಷ ಶೇಷಾದ್ರಿವಾಸು ಅವರ ‘ಬರಹ’ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ರಾಣೇಬೆನ್ನೂರಿನ ನಮ್ಮ ಮನೆಯ ಪಿಸಿಯಲ್ಲಿ ಅಪ್ಪ ಬ್ಯಾಡಗಿ ಮೆಣಸಿನಕಾಯಿ ಲೆಕ್ಕ ಬರೀತಿದ್ದಿದ್ದು ನುಡಿಯಲ್ಲೇ. ಕಾಗದದ ವಹಿ ಗೆದ್ದಲು ತಿಂದ್ವು. ಉಳಿದಿದ್ದು ಆ ಫೈಲ್ ಒಂದೇ.

ಅದನ್ನ ಮೊಬೈಲಿನಲ್ಲಿ ತೆರೆದ್ರೆ ಬರೀ ಗೋಜಲು. ಯಾಕಂದ್ರ ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ವು. ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಸ್ವಂತ ಸಂಖ್ಯೆಗಳನ್ನು ಕೊಟ್ಟಿತ್ತು. ವಿಂಡೋಸ್‌ಗೆ ಆ ಕನ್ನಡ ಬಂದಿದ್ದು 2001ರ ಎಕ್ಸ್‌ಪಿ ಜೊತೆ.

ಫೈಲ್‌ಗಳನ್ನು ಯೂನಿಕೋಡಿಗೆ ಬದಲಿಸಿ, ಅದೇ ಪಿಸಿಗೆ ಲಿನಕ್ಸ್ ಹಾಕಿ ಸರ್ವರ್ ಮಾಡೀನಿ. ಈಗ ಮನೆಯ ವೈಫೈನಲ್ಲಿ ಅಪ್ಪನ ಲೆಕ್ಕ ಎಲ್ಲರ ಫೋನಿನಲ್ಲೂ ಓದಬಹುದು. ನಿಮ್ಮನ್ಯಾಗೂ ಹಳೇ ಹಾರ್ಡ್ ಡಿಸ್ಕ್ ಇದ್ರ, ಗುಜರಿಗೆ ಹಾಕೋ ಮುಂಚೆ ಒಮ್ಮೆ ತೆಗೆದು ನೋಡ್ರಿ.